ಹಾಕಿದವನೇ ತೆಗೆಯಬೇಕು

ಲಿಫ್ಟ್ ಮೆಕ್ಯಾನಿಕ್ಕಿನ ಮನೆ ಮೂರನೇ ಮಹಡಿಯಲ್ಲಿತ್ತು. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಈ ಜೋಕನ್ನು ಬೀದಿಯವರೆಲ್ಲ ಒಂದೊಂದು ಸಲ ಹೇಳಿ ಮುಗಿಸಿದ್ದರು. ನಗದೆ ಉಳಿದವಳು ಅವನ ತಾಯಿ ಒಬ್ಬಳೇ, ಏಕೆಂದರೆ ಹತ್ತಬೇಕಾದ ಮಂಡಿಗಳು ಅವಳವು. ಊರವರನ್ನೆಲ್ಲ ಮೇಲಕ್ಕೆತ್ತುವ ಮಗ ತನ್ನನ್ನು ಮಾತ್ರ ನಡೆಸುತ್ತಾನೆ ಎಂದು ಅವಳು ಪ್ರತಿ ಮಹಡಿಯಲ್ಲೂ ನಿಂತು, ಉಸಿರು ತೆಗೆದುಕೊಂಡು, ಯಾರಿಗೂ ಅಲ್ಲದ ಹಾಗೆ ಹೇಳುತ್ತಿದ್ದಳು.

ಒಂದು ಸೋಮವಾರ ಸಂಜೆ ಅವನು ಕೈ ತೊಳೆಯದೆ ಬಂದು ಊಟದ ಮೇಜಿನ ಮೇಲೆ ಒಂದು ಕಾಗದ ಇಟ್ಟ. ಕೈ ತೊಳೆಯದೆ ಅವನು ಆ ಮೇಜನ್ನು ಮುಟ್ಟಿದ್ದು ಯಾರಿಗೂ ನೆನಪಿರಲಿಲ್ಲ. ಹೆಂಡತಿ ಒಲೆಯ ಮುಂದಿನಿಂದಲೇ ತಿರುಗಿ ನೋಡಿ, ಕಾಗದದ ಮೇಲೆ ಗ್ರೀಸಿನ ಬೆರಳು ಬಿದ್ದದ್ದನ್ನು ಕಂಡಳು, ಬಯ್ಯಲಿಲ್ಲ. ಹದಿನಾರು ವರ್ಷದ ಮಗಳು ಕಾಗದ ಎತ್ತಿಕೊಂಡು ಓದಿದಳು. ಅದು ಪರೀಕ್ಷೆಯ ಫಲಿತಾಂಶವಾಗಿತ್ತು. ಆರು ಭಾಗದ ಪರೀಕ್ಷೆಯಲ್ಲಿ ಅಪ್ಪ ಐದು ಭಾಗ ಚೆನ್ನಾಗಿಯೇ ಪಾಸಾಗಿದ್ದ. ಆರನೆಯದರಲ್ಲಿ ಇಪ್ಪತ್ತಕ್ಕೆ ಏಳು. ಬೇಕಾಗಿದ್ದದ್ದು ಹದಿನಾಲ್ಕು.

ಇಪ್ಪತ್ತೆರಡು ವರ್ಷ ಅವನು ಒಂದೇ ಕಂಪನಿಯಲ್ಲಿ ದುಡಿದಿದ್ದ. ಈ ವರ್ಷ ಕಂಪನಿ ಕೈ ಬದಲಾಯಿತು. ಹೊಸ ಮ್ಯಾನೇಜರಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ, ಬರಿಸಿಕೊಳ್ಳುವ ಅವಸರವೂ ಇರಲಿಲ್ಲ. ಮೆಕ್ಯಾನಿಕ್ಕುಗಳೆಲ್ಲ ಇಂಗ್ಲಿಷಿನಲ್ಲೇ ಸುರಕ್ಷತೆಯ ಪರೀಕ್ಷೆ ಬರೆಯಬೇಕೆಂದು ಬಂದ ತಿಂಗಳಲ್ಲೇ ಹೇಳಿದ. ಐದು ಭಾಗಗಳಲ್ಲಿ ಯಂತ್ರದ ಚಿತ್ರಗಳಿದ್ದವು, ಚಿತ್ರ ನೋಡಿ ಗುರುತು ಹಾಕಿದರೆ ಮುಗಿಯಿತು. ಆರನೆಯದು ಮಾತ್ರ ಅವಳಿಜವಳಿ ವಾಕ್ಯಗಳು. ಎರಡೂ ನೋಡುವುದಕ್ಕೆ ಒಂದೇ ಮುಖ, ಒಳಗಿನ ಅರ್ಥ ಬೇರೆ. ಯಾವುದಕ್ಕೆ ಏನು ಮಾಡಬೇಕೋ ಗುರುತು ಹಾಕಬೇಕು. ಇನ್ನೊಂದೇ ಅವಕಾಶ, ಆರು ವಾರದ ನಂತರ.

ಆಗಲೂ ಫೇಲಾದವರು ಬೀಗ ಒಪ್ಪಿಸಬೇಕು ಎಂದಿತ್ತು ಕೊನೆಯ ಸಾಲಿನಲ್ಲಿ.

ಬೀಗದ ವಿಷಯ ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರತಿ ಮೆಕ್ಯಾನಿಕ್ಕಿಗೂ ಒಂದು ಕೆಂಪು ಬೀಗ, ಅದಕ್ಕೆ ಒಂದೇ ಕೀ. ಲಿಫ್ಟು ಓಡಾಡುವ ಗುಂಡಿಗೆ ಇಳಿಯುವ ಮೊದಲು ಮೇನ್ ಸ್ವಿಚ್ಚು ಕೆಳಗೆಳೆದು ತನ್ನ ಬೀಗ ಹಾಕಬೇಕು, ತನ್ನ ನಂಬರಿನ ಹಳದಿ ಚೀಟಿ ಕಟ್ಟಬೇಕು, ಆಮೇಲೆ ಬಟನ್ ಒತ್ತಿ ಲಿಫ್ಟು ಅಲ್ಲಾಡುವುದಿಲ್ಲವೆಂದು ನೋಡಬೇಕು. ಬೀಗ ಇದೆ ಎಂದರೆ ಒಳಗೆ ಮನುಷ್ಯ ಇದ್ದಾನೆ ಎಂದು ಅರ್ಥ. ಹಾಕಿದವನೇ ತೆಗೆಯಬೇಕು. ಕಂಪನಿಯ ಯಜಮಾನನೇ ಬಂದು ನಿಂತರೂ ಮುಟ್ಟುವ ಹಾಗಿಲ್ಲ. ಅವನ ಬೀಗದ ಮೇಲೆ ಹದಿನಾಲ್ಕು ಎಂದು ಕೊರೆದಿತ್ತು. ಬೀಗ ಹೋದರೆ ಕೆಲಸ ಹೋಗುವುದಿಲ್ಲ, ಸಂಬಳ ಸ್ವಲ್ಪ ತಗ್ಗುತ್ತದೆ, ಅಷ್ಟೇ. ಆದರೆ ಇನ್ನೊಬ್ಬನ ಬೀಗದ ಕೆಳಗೆ ಗುಂಡಿಗೆ ಇಳಿಯಬೇಕು. ಆ ಇನ್ನೊಬ್ಬ ಮೀಸೆ.

ಮೀಸೆ ಎಂದರೆ ಅವನ ಜೊತೆಗೇ ಕೆಲಸಕ್ಕೆ ಸೇರಿದವನು. ಮೀಸೆ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು, ಇಂಗ್ಲಿಷು ನೀರು ಕುಡಿದ ಹಾಗೆ. ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದಿದ್ದ.

"ಅವಳು ಹೇಳಿಕೊಡ್ತಾಳೆ ಬಿಡಿ," ಎಂದು ಹೆಂಡತಿ ಮಗಳ ಕಡೆ ತಲೆ ತಿರುಗಿಸಿದಳು. ಹಾಗೆ ಅದು ತೀರ್ಮಾನವಾಯಿತು. ಮಗಳನ್ನು ಯಾರೂ ಕೇಳಲಿಲ್ಲ.

ಮಗಳಿಗೆ ಅಂದಿನಿಂದ ಮನೆಯಲ್ಲಿ ಮೇಡಂ ಎಂದೇ ಹೆಸರಾಯಿತು. ಮೊದಲ ವಾರ ಅವಳು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಎಡಕ್ಕೊಂದು ಬಲಕ್ಕೊಂದು ಬರೆದಳು. ಮಸ್ಟ್ ನಾಟ್ ಅಂದರೆ ಹೋಗಲೇಕೂಡದು. ಡೋಂಟ್ ಹ್ಯಾವ್ ಟು ಅಂದರೆ ಹೋಗಬೇಕಾಗಿಲ್ಲ, ಹೋದರೂ ತಪ್ಪಿಲ್ಲ. ಅಪ್ಪ ಗಲ್ಲಕ್ಕೆ ಕೈ ಕೊಟ್ಟು ಕೇಳಿದ, ತಲೆಯಾಡಿಸಿದ, ಮಾರನೆಯ ದಿನ ಎರಡಕ್ಕೂ ಹೋಗಕೂಡದು ಎಂದೇ ಗುರುತು ಹಾಕಿದ.

"ಅಪ್ಪ, ಇಲ್ಲಿ ಹೋದ್ರೂ ಪರವಾಗಿಲ್ಲ ಅಂತ ಇದೆ."

"ಗುಂಡಿ ಹತ್ರ ಹೋದ್ರೂ ಪರವಾಗಿಲ್ಲ ಅನ್ನೋದು ಇಲ್ಲವೇ ಇಲ್ಲ, ಮೇಡಂ. ಅದನ್ನ ಬರೆದವನು ಗುಂಡಿ ನೋಡಿಲ್ಲ."

ಅವನ ತೊಂದರೆಯೇ ಇದು. ವಾಕ್ಯ ಏನು ಹೇಳುತ್ತದೆ ಎಂದು ಅವನು ನೋಡುತ್ತಿರಲಿಲ್ಲ. ಎರಡರಲ್ಲಿ ಯಾವುದಕ್ಕೆ ಗುರುತು ಹಾಕಿದರೆ ಮನುಷ್ಯ ಉಳಿಯುತ್ತಾನೆ ಎಂದು ನೋಡಿ ಅದಕ್ಕೆ ಹಾಕುತ್ತಿದ್ದ. ಇಪ್ಪತ್ತೆರಡು ವರ್ಷದ ಅಭ್ಯಾಸವನ್ನು ನೋಟ್‌ಬುಕ್ಕಿನ ಗೆರೆ ಅಳಿಸುತ್ತದೆಯೇ?

ಎರಡನೆಯ ವಾರ ಅವನೇ ಕೆಲಸದಿಂದ ಹಳೆಯ ಹಳದಿ ಚೀಟಿಗಳ ಒಂದು ಕಟ್ಟು ತಂದ. ರಟ್ಟಿನ ಚೀಟಿ, ಮೇಲೆ ತೂತು, ತೂತಿಗೆ ದಾರ. ಪುಸ್ತಕದಲ್ಲಿದ್ದದ್ದು ತನ್ನ ತಲೆಗೆ ಹತ್ತುವುದಿಲ್ಲ, ವಸ್ತುವಿಗೆ ಕಟ್ಟಿದರೆ ಹತ್ತಬಹುದು ಎಂದ. ಮೇಡಂ ಬರೆದಳು, ಅವನು ಕಟ್ಟಿದ. ನಲ್ಲಿಗೊಂದು, ಫ್ರಿಜ್ಜಿನ ಹಿಡಿಗೊಂದು, ಕಿಟಕಿಗೆರಡು. ಬ್ರೆಡ್ಡಿನ ಡಬ್ಬಿಗೆ ಸ್ಟಾಪ್ ಟು ಈಟ್ ಎಂದು ಒಂದು ಕಡೆ, ಸ್ಟಾಪ್ ಈಟಿಂಗ್ ಎಂದು ಇನ್ನೊಂದು ಕಡೆ. ಮೊದಲನೆಯದು ತಿನ್ನುವುದಕ್ಕಾಗಿ ನಿಲ್ಲು, ಎರಡನೆಯದು ತಿನ್ನುವುದನ್ನೇ ನಿಲ್ಲಿಸು. ಸಕ್ಕರೆ ಕಾಯಿಲೆಯ ಅಜ್ಜಿ ಮೊದಲನೆಯ ಕಡೆಯನ್ನು ಮಾತ್ರ ಒಪ್ಪಿಕೊಂಡಳು, ದಿನಕ್ಕೆ ನಾಲ್ಕು ಸಲ ಡಬ್ಬಿಯ ಮುಂದೆ ನಿಂತಳು. ಗಡಿಯಾರದ ಕೆಳಗೆ ಆನ್ ಟೈಮ್, ಇನ್ ಟೈಮ್. ಹೇಳಿದ ಹೊತ್ತಿಗೆ ಸರಿಯಾಗಿ ಬರುವುದು ಒಂದು, ಕೈಮೀರುವ ಮೊದಲು ಬಂದು ಮುಟ್ಟುವುದು ಇನ್ನೊಂದು.

ಕೆಲಸದ ಕಟ್ಟಳೆಯೇ ಮನೆಗೂ ಬಂತು. ಚೀಟಿ ಕಟ್ಟಿದವನು ಅವನು, ಬಿಚ್ಚುವವನೂ ಅವನೇ. ಹೆಂಡತಿ ನಲ್ಲಿ ಉಜ್ಜುವಾಗ ಒದ್ದೆಯಾದ ಚೀಟಿಯನ್ನು ಬಿಚ್ಚಿ ಒಣಗಿಸಿದ್ದಕ್ಕೆ ಅಜ್ಜಿಯೇ ತಕರಾರು ತೆಗೆದಳು. ಸೊಸೆಯ ಮೇಲೆ ತಕರಾರಿಗೆ ಹೊಸ ವಿಷಯ ಸಿಕ್ಕದೆ ಬಹಳ ದಿನವಾಗಿತ್ತು.

ಮೂರನೆಯ ವಾರದ ಹೊತ್ತಿಗೆ ಎಲ್ಲರಿಗೂ ಸಾಕಾಗಿತ್ತು. ಹೆಂಡತಿ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಯಾಂಟಿನ ಉದ್ದ ತಗ್ಗಿಸುವ, ಜಿಪ್ಪು ಬದಲಾಯಿಸುವ ದರ್ಜಿ. ದಿನವಿಡೀ ಮಂಡಿಯೂರಿ ಗುಂಡುಪಿನ್ನು ಚುಚ್ಚಿ, ಬಾಯಲ್ಲಿ ಉಳಿದ ಪಿನ್ನುಗಳ ರುಚಿಯನ್ನೇ ನುಂಗಿಕೊಂಡು ಮನೆಗೆ ಬಂದರೆ, ಊಟದ ಮೇಜಿನ ತುಂಬ ಕಾಗದ. ತರಕಾರಿ ಹೆಚ್ಚಲು ಜಾಗವಿಲ್ಲ. ನೆಲದಲ್ಲಿ ಕೂತು ಹೆಚ್ಚಿದಳು. ಊಟ ಎಂಟಕ್ಕೆ ಆಗುತ್ತಿದ್ದದ್ದು ಒಂಬತ್ತಕ್ಕೆ ಹೋಯಿತು. ಅಜ್ಜಿಗೆ ಮಾತ್ರೆ ನುಂಗುವ ಹೊತ್ತು ತಪ್ಪಿತು, ಟಿವಿ ತಪ್ಪಿತು. ಮಾತ್ರೆಯದು ಹಾಗಿರಲಿ, ಟಿವಿಯದು ಅವಳು ಮರೆಯಲಿಲ್ಲ. ಮೇಡಂಗೆ ತನ್ನದೇ ಪರೀಕ್ಷೆ ತಿಂಗಳಲ್ಲಿತ್ತು, ಅದರ ಪುಸ್ತಕ ಚೀಲದಿಂದ ಹೊರಗೆ ಬಂದಿರಲಿಲ್ಲ.

ಒಂದು ಗುರುವಾರ ಕಟ್ಟೆ ಒಡೆಯಿತು. ಅಪ್ಪ ಅದೇ ವಾಕ್ಯಕ್ಕೆ ಐದನೆಯ ಸಲ ಅದೇ ತಪ್ಪು ಗುರುತು ಹಾಕಿದ. ಮೇಡಂ ಪೆನ್ನು ಎಸೆದಳು.

"ನಿನ್ನೆ ಹೇಳಿದೀನಿ, ಮೊನ್ನೆ ಹೇಳಿದೀನಿ. ನಿನ್ನ ತಲೆಗೆ ಹೋಗಲ್ಲ ಅಂದ್ರೆ ನಾನೇನ್ ಮಾಡ್ಲಿ? ನಂದೂ ಪರೀಕ್ಷೆ ಇದೆ, ಯಾರಾದ್ರೂ ಕೇಳಿದೀರಾ?"

ತಂದೆಯ ಹತ್ತಿರ ಹೀಗಾ ಮಾತಾಡೋದು ಎಂದು ಅಜ್ಜಿ ರಾಗ ತೆಗೆದಳು. ನೀವು ಸುಮ್ಮನಿರಿ ಅತ್ತೆ, ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಸೊಸೆ ಒಲೆಯ ಮುಂದಿನಿಂದ ಅಂದಳು. ಮಾತಿಗೆ ಮಾತು ಬೆಳೆಯಿತು. ಯಾವಾಗಲೋ ಒಮ್ಮೆ ಯಾರೋ ಮುಚ್ಚದೆ ಬಿಟ್ಟ ನಲ್ಲಿಯ ವಿಷಯ ಬಂತು, ಅಜ್ಜಿಯ ತವರಿನ ವಿಷಯ ಬಂತು. ಅವನು ಕಾಗದಗಳನ್ನು ಅಂಚು ಕೂಡಿಸಿ ಜೋಡಿಸಿ, ಮೇಜು ಒರೆಸಿ, ತಟ್ಟೆಗಳನ್ನು ತಂದಿಟ್ಟ. ಮಗಳು ಎಸೆದ ಪೆನ್ನನ್ನು ನೆಲದಿಂದ ಎತ್ತಿ ಅವನ ಕಾಗದಗಳ ಮೇಲಿಟ್ಟಳು.

ಅಲ್ಲಿಂದಾಚೆ ಪಾಠ ಬೆಳಗಿಗೆ ಬಂತು. ಆರೂವರೆಗೆ, ಅರ್ಧ ಗಂಟೆ. ಸಂಜೆ ಮೇಜು ದರ್ಜಿಯದು, ಟಿವಿ ಅಜ್ಜಿಯದು.

ನಾಲ್ಕನೆಯ ವಾರದ ಬುಧವಾರ ಬೆಳಿಗ್ಗೆ ಮೇಡಂ ಅಪ್ಪನಿಗೆ ಒಂದು ಮಾತು ಹೇಳಿದಳು. ವಾಕ್ಯ ನೋಡಿ ಕೆಲಸ ಯೋಚಿಸುವುದು ಬೇಡ, ಕೆಲಸ ಮಾಡಿ ತೋರಿಸು, ವಾಕ್ಯ ನಾನು ಹೇಳ್ತೀನಿ. ಅವನ ಮುಖ ಬಹಳ ದಿನದ ಮೇಲೆ ಸ್ವಲ್ಪ ಬೆಳಗಿತು. ಅಡುಗೆಮನೆಯ ಬಾಗಿಲ ಪಕ್ಕ ಇಡೀ ಮನೆಯ ಮೇನ್ ಸ್ವಿಚ್ಚಿತ್ತು, ಹಳೆಯ ಕಾಲದ ಕಬ್ಬಿಣದ ಪೆಟ್ಟಿಗೆ, ಉದ್ದ ಹಿಡಿ, ಹಿಡಿಗೆ ಬೀಗದ ತೂತು. ಅವನು ಹಿಡಿ ಕೆಳಗೆಳೆದ. ಫ್ಯಾನು ನಿಂತಿತು. ಸೊಂಟದಿಂದ ಕೆಂಪು ಬೀಗ ತೆಗೆದು ಹಾಕಿದ, ಚೀಟಿ ಕಟ್ಟಿದ, ದೀಪದ ಬಟನ್ ಒತ್ತಿ ಉರಿಯುವುದಿಲ್ಲವೆಂದು ತೋರಿಸಿದ. ಒಂದೊಂದು ಹೆಜ್ಜೆಗೂ ಮೇಡಂ ಇಂಗ್ಲಿಷಿನಲ್ಲಿ ಹೇಳಿದಳು, ಅವನು ತಿರುಗಿ ಹೇಳಿದ. ಒಂದೂ ತಪ್ಪಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಆಸ್ಪತ್ರೆಯ ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ನಿಂತಿದೆ, ಒಳಗೆ ಸ್ಟ್ರೆಚರಿನ ಮೇಲೆ ರೋಗಿ. ಅವನು ಷರ್ಟಿನ ಗುಂಡಿ ಮೆಟ್ಟಿಲ ಮೇಲೆ ಹಾಕಿಕೊಳ್ಳುತ್ತ ಓಡಿದ. ಕೀ ಸೊಂಟದಲ್ಲಿತ್ತು. ಬೀಗ ಸ್ವಿಚ್ಚಿನಲ್ಲಿತ್ತು.

ಮುಕ್ಕಾಲು ಗಂಟೆಯ ಮೇಲೆ ಹೆಂಡತಿ ಒಲೆ ಹಚ್ಚಲು ಹೋದಳು. ಕರೆಂಟಿನ ಒಲೆ, ಹತ್ತಲಿಲ್ಲ. ಫೋನ್ ಮಾಡಿದರೆ ಅವನು ಎತ್ತಲಿಲ್ಲ, ಗುಂಡಿಗೆ ಇಳಿದವರ ಫೋನು ಮೇಲೆಯೇ ಇರುತ್ತದೆ. ಆಫೀಸಿಗೆ ಮಾಡಿದಳು. ರೋಗಿಯನ್ನು ಇಳಿಸಿ ಆಗಿದೆ, ಹಗ್ಗದ ಚಕ್ರ ಸವೆದಿದೆ, ಸಂಜೆಯವರೆಗೂ ಅವನು ಒಳಗೇ ಇರುತ್ತಾನೆ ಎಂದರು. ಅಂಗಡಿಗೆ ಹೊತ್ತಾಗುತ್ತಿತ್ತು. ಅವಳು ಪಕ್ಕದ ಮನೆಯ ಎಲೆಕ್ಟ್ರಿಷಿಯನ್ನನ್ನು ಕರೆದಳು. ಅವನು ಉದ್ದ ಹಿಡಿಯ ಕಟರ್ ತಂದ, ಎರಡು ನಿಮಿಷದ ಕೆಲಸ ಎಂದ.

ಅಜ್ಜಿ ಕುರ್ಚಿ ಎಳೆದುಕೊಂಡು ಬಂದು ಸ್ವಿಚ್ಚಿನ ಮುಂದೆ ಕೂತುಬಿಟ್ಟಳು.

"ಬೀಗ ಇದೆ ಅಂದ್ರೆ ಒಳಗೆ ಮನುಷ್ಯ ಇದಾನೆ ಅಂತ."

"ಅತ್ತೆ, ಒಳಗೆ ಯಾವ ಮನುಷ್ಯನೂ ಇಲ್ಲ. ಫ್ರಿಜ್ಜಿನ ಒಳಗೆ ಹಾಲಿದೆ, ಮೀನಿದೆ. ಎಲ್ಲ ಕೆಡ್ತದೆ."

"ಕೆಡ್ಲಿ. ಅವನ ಬೀಗ. ಅವನು ಬಂದು ತೆಗೀಲಿ."

ಈ ಹಟ ಎಲ್ಲಿಂದ ಬಂತು ಎಂದು ಸೊಸೆಗೂ ಗೊತ್ತಿತ್ತು. ಅವಳ ಗಂಡ ಕೆಲಸಕ್ಕೆ ಸೇರಿದ ವರ್ಷ, ಗುಂಡಿಯಲ್ಲಿದ್ದ ಒಬ್ಬನ ಬೀಗವನ್ನು ಯಾರೋ ಅವಸರದವರು ಒಡೆದು ಸ್ವಿಚ್ಚು ಎತ್ತಿದ್ದರು. ಒಳಗಿದ್ದವನನ್ನು ಮೇಲೆತ್ತಿ ತಂದವರಲ್ಲಿ ಇವನೂ ಇದ್ದ. ಎರಡು ದಿನ ಮನೆಯಲ್ಲಿ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ತಾಯಿ ತುತ್ತು ಮಾಡಿ ಬಾಯಿಗಿಟ್ಟಳು, ಅಷ್ಟು ದೊಡ್ಡ ಮಗನಿಗೆ. ಎಲೆಕ್ಟ್ರಿಷಿಯನ್ ಕಟರ್ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ದರ್ಜಿ ಬ್ರೆಡ್ಡಿನ ಎರಡು ತುಂಡು ಚೀಲಕ್ಕೆ ಹಾಕಿಕೊಂಡು, ಬಾಗಿಲು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಅಂಗಡಿಗೆ ಹೋದಳು.

ಸಂಜೆ ಆರೂಮುಕ್ಕಾಲಿಗೆ ಅವನು ಬಂದ. ಬೀಗ ಕತ್ತರಿಸಿರುತ್ತಾರೆ, ಆಫೀಸಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದ. ಬಾಗಿಲು ತೆಗೆದರೆ ಮನೆ ಮಬ್ಬು. ಅಜ್ಜಿ ಸ್ವಿಚ್ಚಿನ ಮುಂದೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಮೇಡಂ ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಓದುತ್ತಿದ್ದಳು. ಹೆಂಡತಿ ಫ್ರಿಜ್ಜಿನಿಂದ ತೆಗೆದ ಮೀನನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಕಟ್ಟುತ್ತಿದ್ದಳು. ಬೀಗ ಬೆಳಿಗ್ಗೆ ಹಾಕಿದ ಹಾಗೆಯೇ ಇತ್ತು.

ಅವನು ಕೀ ತೆಗೆದ. ಮಬ್ಬಿನಲ್ಲಿ ಬೀಗದ ತೂತು ಸಿಕ್ಕಲಿಲ್ಲ. ಮಗಳು ಬಂದು ಅವನ ಮಣಿಕಟ್ಟು ಹಿಡಿದಳು, ಕೀಯನ್ನು ಮುಟ್ಟಲಿಲ್ಲ. ದೀಪ ಹತ್ತಿದಾಗ ಅವನ ಕಣ್ಣು ಒದ್ದೆಯಾಗಿದ್ದದ್ದು ಎಲ್ಲರಿಗೂ ಕಂಡಿತು.

ಬೀಗ ಮರೆತು ಜಾಗ ಬಿಟ್ಟು ಹೋಗುವುದು ಅವರ ಕಸುಬಿನಲ್ಲಿ ಸಣ್ಣ ತಪ್ಪಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಮಾಡಿರಲಿಲ್ಲ. ಆದರೆ ಅವನನ್ನು ಕುಗ್ಗಿಸಿದ್ದು ಅದಲ್ಲ. ಬೀಗವಿಲ್ಲದೆ ಆಸ್ಪತ್ರೆಗೆ ಹೋದವನು ಆ ದಿನವೆಲ್ಲ ಮೀಸೆಯ ಬೀಗದ ಕೆಳಗೆ ಗುಂಡಿಯಲ್ಲಿದ್ದ. ಸಂಜೆ ಮೇಲೆ ಬಂದು ನೋಡಿದರೆ ಬೀಗದ ಕೀ ಸ್ವಿಚ್ಚಿನ ಪಕ್ಕದ ಮೊಳೆಗೆ ತೂಗುತ್ತಿತ್ತು. ಮೀಸೆ ಚಹಾಕ್ಕೆ ಹೋಗಿದ್ದ. ದಾರಿಯಲ್ಲಿ ಹೋಗುವ ಯಾರಾದರೂ ಕೀ ತೆಗೆದು, ಬೀಗ ತೆಗೆದು, ಹಿಡಿ ಎತ್ತಬಹುದಾಗಿತ್ತು. ಕೇಳಿದ್ದಕ್ಕೆ ಮೀಸೆ ನಕ್ಕ. ಜೇಬಲ್ಲಿಟ್ಟರೆ ಚುಚ್ಚುತ್ತದೆ, ಇಷ್ಟು ವರ್ಷ ಏನಾಯ್ತು ಎಂದ.

ಇದನ್ನು ಅವನು ಊಟಕ್ಕೆ ಕೂತಾಗ ಹೇಳಿದ. ಊಟ ಎಂದರೆ ಅವಸರಕ್ಕೆ ಬೇಯಿಸಿದ ಮೊಟ್ಟೆ, ಉಳಿದ ಬ್ರೆಡ್ಡು. ಹೆಂಡತಿ ಮೊಟ್ಟೆ ಸುಲಿಯುವುದನ್ನು ನಿಲ್ಲಿಸಿದಳು.

"ಮ್ಯಾನೇಜರಿಗೆ ಹೇಳಿದ್ರಾ?"

"ಯಾವ ಭಾಷೇಲಿ?"

ಇಡೀ ದಿನ ಹಾಳಾದ ಕೋಪವನ್ನು ಯಾರ ಮೇಲೆ ತೀರಿಸಲಿ ಎಂದು ಕಾದಿದ್ದ ದರ್ಜಿ ಅದನ್ನು ಹೊಟ್ಟೆಗೆ ಹಾಕಿಕೊಂಡು ಅವನ ತಟ್ಟೆಗೆ ತನ್ನ ಮೊಟ್ಟೆಯನ್ನೂ ಇಟ್ಟಳು. ಅಜ್ಜಿ ಮಾತ್ರ ತನ್ನ ಪಾಡಿಗೆ, ನಾನು ಕುರ್ಚಿ ಬಿಟ್ಟು ಏಳಲಿಲ್ಲ ನೋಡು, ಬಚ್ಚಲಿಗೆ ಸಹ ಎರಡೇ ಸಲ ಹೋದೆ ಎಂದು ಲೆಕ್ಕ ಒಪ್ಪಿಸಿದಳು.

ಕೊನೆಯ ಎರಡು ವಾರ ಬೆಳಗಿನ ಪಾಠದಲ್ಲಿ ಯಾರೂ ಪೆನ್ನು ಎಸೆಯಲಿಲ್ಲ. ಮೇಡಂ ಪುಸ್ತಕದ ವಾಕ್ಯ ಬಿಟ್ಟು ಅವನಿಗೆ ಆದದ್ದನ್ನೇ ಬರೆಯಿಸಿದಳು. ಆಸ್ಪತ್ರೆಯ ದಿನ ಏನಾಯಿತು, ಮೊದಲು ಏನು, ಆಮೇಲೆ ಏನು, ಏನು ಮಾಡಕೂಡದಿತ್ತು, ಏನು ಮಾಡಬೇಕಾಗಿರಲಿಲ್ಲ. ಮೊದಲ ದಿನ ಮೂರು ಸಾಲಿಗೆ ಒಂಬತ್ತು ತಪ್ಪು. ಎಂಟನೆಯ ದಿನ ಏಳು ಸಾಲಿಗೆ ನಾಲ್ಕು. ಅಜ್ಜಿ ಟಿವಿ ಇಲ್ಲದ ಬೆಳಗಿನಲ್ಲಿ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಸೊಸೆ ಪಾತ್ರೆ ತಾನೇ ತೊಳೆಯುತ್ತೇನೆ ಎಂದಾಗ, ಮಸ್ಟ್ ನಾಟ್ ಎಂದು ಸೀರೆಯ ತುದಿ ಸಿಕ್ಕಿಸಿಕೊಂಡು ಎದ್ದಳು. ಡೋಂಟ್ ಹ್ಯಾವ್ ಟು ಅಜ್ಜಿ ಎಂದು ಮೇಡಂ ತಿದ್ದಿದಳು. ನಿನ್ನ ಪಾಠ ನಿನ್ನ ಅಪ್ಪನಿಗಿಟ್ಟುಕೋ ಎಂದು ಅಜ್ಜಿ ಪಾತ್ರೆ ತೊಳೆದಳು.

ಪರೀಕ್ಷೆಯಾಯಿತು. ಮೂರನೆಯ ದಿನ ಫಲಿತಾಂಶ ಬಂತು. ಇಪ್ಪತ್ತಕ್ಕೆ ಹನ್ನೆರಡು.

ತಪ್ಪಿದ ಎಂಟರಲ್ಲಿ ಮೂರು, ಗೊತ್ತಿದ್ದೂ ಮಾಡಿದ ತಪ್ಪು. ವಾಕ್ಯ ಒಳಗೆ ಹೋಗಬಹುದು ಎಂದಿತ್ತು, ಅದು ಅವನಿಗೆ ಅರ್ಥವೂ ಆಗಿತ್ತು, ಆದರೆ ಕೈ ಅದಕ್ಕೆ ಗುರುತು ಹಾಕಲು ಒಪ್ಪಲಿಲ್ಲ. ಮನೆಗೆ ಬಂದು ಇದನ್ನು ಹೇಳಿದಾಗ ಮೇಡಂ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮೊದಲು ತಿಳಿಯಲಿಲ್ಲ. ಅಳುತ್ತಿದ್ದಳು.

"ನಾನೇ ಸರಿಯಾಗಿ ಹೇಳಿಕೊಡಲಿಲ್ಲ," ಎಂದಳು.

"ಹುಚ್ಚಿ. ಏಳು ಇದ್ದದ್ದು ಹನ್ನೆರಡು ಮಾಡಿದ್ದು ಯಾರು ಮತ್ತೆ?" ಎಂದ ಅಪ್ಪ. ಅಷ್ಟು ಹೇಳುವುದಕ್ಕೇ ಅವನು ಸುಸ್ತಾಗಿದ್ದ.

ಹೊಸ ಮ್ಯಾನೇಜರು ಮೂರು ತಿಂಗಳ ನಂತರದ ಇನ್ನೊಂದು ಅವಕಾಶ ಕೊಟ್ಟ, ಅದು ಅವನ ದೊಡ್ಡ ಮನಸ್ಸು ಎಂದು ಮೀಸೆ ಅನುವಾದ ಮಾಡಿ ಹೇಳಿದ. ಹದಿನಾಲ್ಕನೆಯ ನಂಬರಿನ ಬೀಗವನ್ನು ಶುಕ್ರವಾರ ಆಫೀಸಿನ ಡ್ರಾಯರಿಗೆ ಹಾಕಿಸಿಕೊಂಡರು. ಅವನ ಸೊಂಟದ ಪಟ್ಟಿಯಲ್ಲಿ ಬೀಗ ತೂಗಿ ತೂಗಿ ಸವೆದ ಜಾಗ ಹಾಗೇ ಉಳಿಯಿತು.

ಸೋಮವಾರ ಬೆಳಿಗ್ಗೆ ಅವನು ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಹಿಂದೆಂದೂ ಅವಳು ಹಾಗೆ ನಿಂತದ್ದಿಲ್ಲ, ಬೆಳಗಿನಲ್ಲಿ ಅವಳಿಗೆ ನಿಲ್ಲಲು ಪುರುಸೊತ್ತೇ ಇಲ್ಲ. ಒಂದು ಹಳದಿ ಚೀಟಿ ಅವನ ಕೈಗೆ ಕೊಟ್ಟಳು. ಹಿಂದಿನ ದಿನ ಮೇಡಂ ಬರೆದದ್ದು, ಅಪ್ಪನ ನಂಬರು ಹದಿನಾಲ್ಕು, ಕೆಳಗೆ ಇಂಗ್ಲಿಷಿನಲ್ಲಿ ಒಳಗಿದ್ದಾರೆ, ಮುಟ್ಟಕೂಡದು ಎಂದು. ಚಪ್ಪಲಿ ಗೂಡಿನ ಮೇಲಿನ ಮೊಳೆಗೆ ಕಟ್ಟಿ ಹೋಗಿ ಎಂದಳು. ಸಂಜೆ ನೀವೇ ಬಂದು ಬಿಚ್ಚಬೇಕು, ಅಲ್ಲಿಯವರೆಗೆ ಈ ಮನೆಯಲ್ಲಿ ತಟ್ಟೆ ಇಡುವುದಿಲ್ಲ ಎಂದಳು. ಇದೇನು ಮಕ್ಕಳಾಟ ಎಂದು ಅವನು ಅನ್ನಬಹುದಿತ್ತು. ಕಟ್ಟಿ, ಗಂಟು ಎಳೆದು ನೋಡಿ, ಇಳಿದು ಹೋದ.

ಹತ್ತು ದಿನ ಹಾಗೆಯೇ ನಡೆಯಿತು. ಬೆಳಿಗ್ಗೆ ಕಟ್ಟುವನು, ಸಂಜೆ ಏಳಕ್ಕೆ ಬಂದು ಬಿಚ್ಚಿ ಜೇಬಿಗಿಡುವನು, ಆಮೇಲೆ ತಟ್ಟೆ. ಮೀಸೆಯ ಕೀ ಎಲ್ಲಿತ್ತು ಎಂದು ಹೆಂಡತಿ ಕೇಳುವಳು. ಮೊಳೆಯ ಮೇಲೆ ಎಂದು ಕೆಲವು ದಿನ, ಇವತ್ತು ಜೇಬಿನಲ್ಲಿತ್ತು ಎಂದು ಕೆಲವು ದಿನ ಹೇಳುವನು. ಜೇಬಿನಲ್ಲಿತ್ತು ಎಂದ ದಿನ ಅವನು ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಾಗುತ್ತಿತ್ತು, ಏಕೆಂದರೆ ಆ ದಿನ ಅವನು ಅನ್ನ ಕಲಸುತ್ತ ಕೂರುತ್ತಿದ್ದ, ತಿನ್ನುತ್ತಿರಲಿಲ್ಲ.

ಹನ್ನೊಂದನೆಯ ದಿನ ಏಳು ಆಯಿತು, ಬರಲಿಲ್ಲ. ಏಳೂವರೆ ಆಯಿತು. ಫೋನ್ ಎತ್ತುತ್ತಿಲ್ಲ. ಆಫೀಸಿನಲ್ಲಿ ಯಾರೂ ಎತ್ತುತ್ತಿಲ್ಲ. ದರ್ಜಿ ಮಾಡಿದ ಅಡುಗೆಗೆ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು. ಮೇಡಂ ಒಂದೇ ಪುಟವನ್ನು ನೋಡುತ್ತ ಕೂತಳು. ಅಜ್ಜಿ ಟಿವಿ ಹಾಕಿರಲಿಲ್ಲ, ಹಾಕಬೇಡಿ ಎಂದು ಯಾರೂ ಹೇಳಿರಲೂ ಇಲ್ಲ. ಅವಳ ಕಣ್ಣು ಮೊಳೆಯ ಮೇಲಿನ ಹಳದಿ ಚೀಟಿಯ ಮೇಲಿತ್ತು.

"ಅತ್ತೆ, ನಿಮಗೆ ಮಾತ್ರೆ ಇದೆ. ನೀವಾದ್ರೂ ಎರಡು ತುತ್ತು ತಿನ್ನಿ."

"ಚೀಟಿ ಇದೆಯಲ್ಲ," ಎಂದಳು ಅಜ್ಜಿ.

ಎಂಟಕ್ಕೆ ಐದು ನಿಮಿಷ ಇರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ನಿಧಾನವಾದ, ಅವನದೇ ಹೆಜ್ಜೆ. ಹೆಂಡತಿ ಓಡಿಹೋಗಿ ಚಿಲಕ ತೆಗೆದಳು. ಒಳಗೆ ಬಂದವನು ಕೈ ತೊಳೆಯದೆ ಊಟದ ಮೇಜಿನ ಮೇಲೆ ಒಂದು ಕಾಗದ ಇಟ್ಟ.

ಅದು ಕಂಪನಿಯ ದೂರಿನ ಫಾರಮ್ಮು, ಕಾರ್ಬನ್ ಪ್ರತಿ. ಬೆಳಿಗ್ಗೆ ಮತ್ತೆ ಕೀ ಮೊಳೆಯ ಮೇಲಿತ್ತು. ತೆಗೆದು ಜೇಬಿಗಿಟ್ಟುಕೋ ಎಂದು ಅವನು ಮೀಸೆಗೆ ನೆಟ್ಟಗೆ ಹೇಳಿದ. ಮೀಸೆ ನಕ್ಕ. ಇವನು ಇಳಿಯಲಿಲ್ಲ. ಗುಂಡಿಯ ಬಾಗಿಲಲ್ಲಿ ಪೆಟ್ಟಿಗೆ ಹಾಕಿ ಕೂತ. ಮಧ್ಯಾಹ್ನ ಮ್ಯಾನೇಜರು ಬಂದು ಏನೇನೋ ಕೂಗಾಡಿದ. ಮೀಸೆ ಅನುವಾದ ಮಾಡಲು ಬಾಯಿ ತೆರೆದ. ಇವನು ಬೇಡ ಎಂದು ಕೈ ಅಡ್ಡ ಹಿಡಿದು, ಆಫೀಸಿಗೆ ನಡೆದು, ಫಾರಮ್ಮು ಕೇಳಿ ತೆಗೆದುಕೊಂಡು, ತಾನೇ ಬರೆಯಲು ಕೂತ. ಎಂಟು ಸಾಲು. ಅದಕ್ಕೆ ಸಂಜೆಯಾಯಿತು. ಆಫೀಸು ಮುಚ್ಚುವವನು ದೀಪ ಆರಿಸಲು ಬಂದು ಎರಡು ಸಲ ನೋಡಿ ಹೋದ. ಮ್ಯಾನೇಜರು ಮನೆಗೆ ಹೋಗದೆ ಕಾದು ಕೂತಿದ್ದ, ಅದನ್ನಂತೂ ಹೇಳಬೇಕು. ಎರಡು ಸಲ ಓದಿದ. ಮೀಸೆಯನ್ನು ಕರೆಸಿದ. ಇನ್ನು ಮೇಲೆ ಇವನು ಒಳಗಿರುವಷ್ಟು ಹೊತ್ತು ಮೀಸೆಯ ಕೀ ಇವನ ಜೇಬಿನಲ್ಲೇ ಇರಬೇಕು ಎಂದು ಬರೆದು ಸಹಿ ಹಾಕಿದ. ಇವನ ಬೀಗ ತಿರುಗಿ ಕೊಡುವ ಮಾತು ಎತ್ತಲಿಲ್ಲ. ಅದು ಮೂರು ತಿಂಗಳ ಮಾತು.

ಮೇಡಂ ಕಾಗದ ಓದಿದಳು. ಸ್ವಿಚ್ಚಿಗೆ ಬೀಗ ಇತ್ತು ಎಂದು ಶುರುವಾಗಿ, ಕೀ ಮೊಳೆಯ ಮೇಲಿತ್ತು, ನಾನು ಒಳಗೆ ಹೋಗಲಿಲ್ಲ, ಯಾರೂ ಹೋಗಕೂಡದು, ನನ್ನ ಮನೆಯಲ್ಲಿ ಮೂರು ಜನ ಕಾಯುತ್ತಿದ್ದಾರೆ ಎಂದು ನೆಟ್ಟಗೆ ಹೋಗಿತ್ತು. ಅಭ್ಯಾಸಬಲದಿಂದ ಅವಳ ಕೈ ಕೆಂಪು ಪೆನ್ನಿಗೆ ಹೋಯಿತು, ವಾಪಸ್ಸು ಬಂತು.

"ಎಲ್ಲ ಸರಿಯಾಗಿದೆ ಅಪ್ಪ."

"ಸುಳ್ಳು ಹೇಳಬೇಡ ಮೇಡಂ."

"ಒಂದು ಕಡೆ ತಪ್ಪಿದೆ. ಅವರಿಗೆ ಅರ್ಥ ಆಗಿದೆಯಲ್ಲ, ಬಿಡು."

"ಬಿಡಬೇಡ. ಇನ್ನೊಂದು ಪರೀಕ್ಷೆ ಇದೆ. ಎಲ್ಲಿ, ತೋರಿಸು," ಎಂದು ಅವನು ಕನ್ನಡಕ ಹುಡುಕಿಕೊಂಡು ಕುರ್ಚಿ ಎಳೆದು ಕೂತ. ತಂದೆ ಮಗಳು ಇಬ್ಬರೂ ಕಾಗದದ ಮೇಲೆ ಬಗ್ಗಿದರು. ಹೆಂಡತಿ ಒಲೆಯ ಹತ್ತಿರ ಸೆರಗಿನಿಂದ ಮುಖ ಒರೆಸಿಕೊಂಡು, ಒರೆಸಿಕೊಂಡದ್ದು ಯಾರಿಗೂ ಕಾಣದಿರಲೆಂದು ಸ್ವಲ್ಪ ಹೊತ್ತು ಅಲ್ಲೇ ನಿಂತಳು.

"ಪಾಠ ಆಮೇಲೆ ಮಾಡ್ಕೊಳ್ಳಿ," ಎಂದಳು ಅಜ್ಜಿ ತನ್ನ ಕುರ್ಚಿಯಿಂದ. "ಮೊದಲು ಆ ಚೀಟಿ ಬಿಚ್ಚೋ. ನಾವಿನ್ನೂ ಉಂಡಿಲ್ಲ."

ಅವನು ತಲೆಯೆತ್ತಿ ಮೊಳೆಯ ಕಡೆ ನೋಡಿದ, ಮುಚ್ಚಳ ಹಾಕಿದ ಪಾತ್ರೆಗಳನ್ನು ನೋಡಿದ, ಮೂವರ ಮುಖ ನೋಡಿದ. ಎದ್ದು ಹೋಗಿ ಚೀಟಿ ಬಿಚ್ಚಿದ. ಬೆಳಿಗ್ಗೆ ಗಂಟು ಬಿಗಿಯಾಗಿ ಎಳೆದಿದ್ದ, ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಏಳಲಿಲ್ಲ. ಅದು ಅವನ ಜೇಬಿಗೆ ಹೋದ ಮೇಲೆ ಹೆಂಡತಿ ತಟ್ಟೆಗಳನ್ನು ತಂದಿಟ್ಟಳು.